ಎತ್ತಿಕೊಟ್ಟ ಮಾತು

ನುಡಿಗೆ ಮೊದಲೇ ಇದ್ದು, ನುಡಿ ಅಡಗಿದ ಮೇಲೂ ಉಳಿಯುವ ಒಡೆಯನೇ, ಪ್ರತಿಯೊಂದು ನಾಲಿಗೆಯ ಹಿಂದೆಯೂ ಕಾಣದಂತೆ ನಿಂತು ಮರೆತ ಮಾತನ್ನು ಎತ್ತಿಕೊಡುವವನೇ, ಈ ಅಲ್ಪನ ಬಾಯಲ್ಲಿ ಸಲ್ಲದ ಮಾತು ಬಾರದಿರಲಿ. ಸಲ್ಲಬೇಕಾದ ಮಾತು ನಡುವೆ ನಿಲ್ಲದಿರಲಿ. ನಿನ್ನನ್ನು ನೆನೆದು, ಒಬ್ಬನನ್ನೇ ವರಿಸಿದ ಇಬ್ಬರು ಹೆಂಗಸರ ಕಥೆಯನ್ನು, ಅವರಲ್ಲಿ ಕಿರಿಯವಳ ಮಗ್ಗುಲಲ್ಲಿ ನಿಂತು, ಹೇಳತೊಡಗುತ್ತೇನೆ.

ಅಂದು ಧಾರಾವಾಹಿಯ ಕೊನೆಯ ಚಿತ್ರೀಕರಣ. ಒಂಬತ್ತು ವರ್ಷ ದಿನಕ್ಕೊಂದು ಕಂತಿನಂತೆ ಟೀವಿಯಲ್ಲಿ ಹರಿದ ಆ ಕಥೆ ಇಬ್ಬರು ಹೆಂಡಿರ ಮನೆಯದು. ಅದರಲ್ಲಿ ಮೋಸಹೋದ ಹಿರಿಯ ಹೆಂಡತಿಯ ಪಾತ್ರ ಮಾಡುತ್ತಿದ್ದ ನಟಿ, ಬಣ್ಣ ತೊಳೆದ ಮೇಲೆ ತಾನೇ ಕಿರಿಯ ಹೆಂಡತಿ. ಅವಳ ಗಂಡ ಅದೇ ಧಾರಾವಾಹಿಯ ನಿರ್ದೇಶಕ. ಅವನ ಮೊದಲ ಹೆಂಡತಿ ಅಲ್ಲಿಯೇ ಪ್ರಾಂಪ್ಟರ್. ಕ್ಯಾಮೆರಾದ ಎಡಕ್ಕೆ ಮೂರು ಕಾಲಿನ ಮಣೆಯ ಮೇಲೆ ಕುಳಿತು, ತೊಡೆಯ ಮೇಲಿನ ಹಾಳೆಗಳಿಂದ ಎಲ್ಲ ಪಾತ್ರಗಳ ಮಾತನ್ನೂ ಸಾಲುಸಾಲಾಗಿ ಓದಿ ಹೇಳುವುದು ಆಕೆಯ ಕೆಲಸ. ಆಕೆ ಓದಿದ್ದನ್ನು ನಟರು ಕಿವಿಯಲ್ಲಿ ಹಿಡಿದು, ಭಾವ ಬೆರೆಸಿ, ಮರುನುಡಿಯುತ್ತಿದ್ದರು. ಆಮೇಲೆ ಎಡಿಟಿಂಗ್ ಕೋಣೆಯಲ್ಲಿ ಆಕೆಯ ದನಿಯನ್ನು ಕತ್ತರಿಸಿ ಬಿಸಾಡುತ್ತಿದ್ದರು. ಯೂನಿಟ್ಟಿನವರೆಲ್ಲ ಆಕೆಯನ್ನು ಪ್ರಾಂಪ್ಟಕ್ಕ ಎಂದು ಕರೆಯುತ್ತಿದ್ದರು. ಹಾಗೆ ಕರೆಯದವಳು ನಟಿಯೊಬ್ಬಳೇ.

ಬೆಳಿಗ್ಗೆ ಮೇಕಪ್ ಕನ್ನಡಿಯ ಮುಂದೆ ಕುಳಿತು ನಟಿ 'ಅಕ್ಕ' ಎಂಬ ಎರಡಕ್ಷರವನ್ನು ಬಾಯೊಳಗೆ ಅಭ್ಯಾಸ ಮಾಡುತ್ತಿದ್ದಳು.

"ತುಟಿ ಅಲ್ಲಾಡಿಸಬೇಡಮ್ಮಾ," ಎಂದ ಮೇಕಪ್ ಮಾಮ. "ಕೊನೇ ದಿನ ಸೊಟ್ಟ ಬಳಿದು ಕಳಿಸಿದ್ರೆ, ಹಿರೀ ಹೆಂಡ್ತಿಗೆ ಲಕ್ವ ಹೊಡೀತು ಅಂತ ಊರೆಲ್ಲ ಅಳುತ್ತೆ."

"ಹೇಗಾದ್ರೂ ಬಳೀರಿ ಮಾಮ."

"ಅದೇನು ಒಳಗೊಳಗೇ ಮಣಮಣ? ಡೈಲಾಗಾ? ನೀನಾ? ಒಂಬತ್ತು ವರ್ಷದಲ್ಲಿ ಒಂದು ದಿನ ಹಾಳೆ ಮುಟ್ಟಿದವಳಲ್ಲ!"

ಮಾಮನ ಮಾತು ಸುಳ್ಳಲ್ಲ. ನಟಿಗೆ ಬಾಯಿಪಾಠ ಎಂಬುದು ಹುಟ್ಟಿನಿಂದಲೇ ಒಲಿದಿರಲಿಲ್ಲ. ಆದರೆ ಪ್ರಾಂಪ್ಟಕ್ಕನ ದನಿ ಕಿವಿಗೆ ಬಿದ್ದರೆ ಸಾಕು, ಆ ಮಾತು ಅವಳ ಗಂಟಲಿನಿಂದಲೇ ಹುಟ್ಟಿತೇನೋ ಎಂಬಂತೆ ಹೊರಬರುತ್ತಿತ್ತು. ಅದು ಎಂತಹ ರೂಢಿಯಾಗಿತ್ತೆಂದರೆ, ಒಮ್ಮೆ ಶವಯಾತ್ರೆಯ ದೃಶ್ಯದಲ್ಲಿ ಪ್ರಾಂಪ್ಟಕ್ಕ ಹಾಳೆ ಹಾರಿಹೋಗುವುದನ್ನು ಕಂಡು, "ಯಾರ್ರೀ ಅದು, ಆ ಫ್ಯಾನ್ ಆರಿಸಬಾರದಾ?" ಎಂದಿದ್ದಳು. ನಟಿ ಕಣ್ಣು ತುಂಬಿಕೊಂಡು, ಹೆಣದ ಕಡೆ ಕೈಚಾಚಿ, "ಯಾರ್ರೀ ಅದು, ಆ ಫ್ಯಾನ್ ಆರಿಸಬಾರದಾ?" ಎಂದು ಗೋಳಿಟ್ಟಿದ್ದಳು. ಹೆಣವಾಗಿ ಮಲಗಿದ್ದವನೇ ಎದ್ದು ಕುಳಿತು ನಕ್ಕಿದ್ದ. ಯೂನಿಟ್ಟಿಗೆ ಯೂನಿಟ್ಟೇ ಹೊಟ್ಟೆ ಹಿಡಿದುಕೊಂಡಿತ್ತು. ಇಬ್ಬರು ಮಾತ್ರ ನಕ್ಕಿರಲಿಲ್ಲ; ಹೇಳಿದವಳು ಮತ್ತು ಮರುನುಡಿದವಳು.

"ಸಂಗತಿ ಗೊತ್ತಾಯ್ತಾ?" ಮಾಮ ಹುಬ್ಬು ತಿದ್ದುತ್ತ ದನಿ ತಗ್ಗಿಸಿದ. "ಪ್ರಾಂಪ್ಟಕ್ಕ ಸಂಜೆ ಬಸ್ಸಿಗೆ ಹೊರಟಿದಾಳೆ. ತಮ್ಮನ ಊರಿಗೆ. ವಾಪಸು ಬರಲ್ವಂತೆ. ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟಾಯ್ತು. ಸಾರ್ ಕೊಡಿಸಿದ್ದ ಫ್ರಿಜ್ಜು, ಮಿಕ್ಸಿ ಎಲ್ಲ ಪ್ಯಾಕಿಂಗೇ ಬಿಚ್ಚಿರಲಿಲ್ಲಂತೆ. ಕೆಳಗಿನ ಮನೆಯೋಳ ಮಗಳ ಮದುವೆಗೆ ಹಾಗೇ ಎತ್ತಿಕೊಟ್ಟಳಂತೆ."

ನಟಿಗೆ ಗೊತ್ತಾಗಿತ್ತು. ಆ ಎರಡಕ್ಷರದ ಅಭ್ಯಾಸ ಅದಕ್ಕಾಗಿಯೇ. ಇಷ್ಟು ವರ್ಷ, ನಾಳೆಯೂ ಆ ಮಣೆಯ ಮೇಲೆ ಆಕೆ ಇದ್ದೇ ಇರುತ್ತಾಳೆ ಎಂಬ ಧೈರ್ಯದಲ್ಲಿ ಮುಂದೂಡಿದ್ದ ಕ್ಷಮೆಯ ಮಾತಿಗೆ ಇನ್ನು ಉಳಿದಿದ್ದದ್ದು ಒಂದು ಹಗಲು.

ಫ್ರಿಜ್ಜಿನ ವಿಷಯವೂ ಅವಳಿಗೆ ಹೊಸದಲ್ಲ. ನಿರ್ದೇಶಕ ಏನು ಕೊಂಡರೂ ಎರಡೆರಡು ಕೊಳ್ಳುತ್ತಿದ್ದ. ಒಂದೇ ಬಣ್ಣ, ಒಂದೇ ಅಳತೆ. "ಇಬ್ಬರಲ್ಲಿ ಒಂದು ಕೂದಲಿನಷ್ಟೂ ಭೇದ ಮಾಡಿಲ್ಲ ನಾನು," ಎಂದು ಎದೆ ತಟ್ಟಿ ಹೇಳುತ್ತಿದ್ದ. ಎರಡನೆಯ ಮದುವೆಯನ್ನು ಆ ನಾಡಿನ ಕಟ್ಟಳೆ ತಡೆಯುತ್ತಿರಲಿಲ್ಲ. ಕಟ್ಟಳೆ ತಡೆಯದಿದ್ದದ್ದೆಲ್ಲ ಧರ್ಮವೆಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಕೆಟ್ಟವನಲ್ಲ. ಯಾರಾದರೂ ಅತ್ತರೆ ಲೈಟು ಸರಿಯಾಗಿ ಬೀಳುತ್ತಿದೆಯೇ ಎಂದು ಮೊದಲು ನೋಡುವ ಜಾತಿಯವನು, ಅಷ್ಟೇ.

ಆದರೆ ಮದುವೆ ಆದ ರೀತಿ ಬೇರೆಯೇ. ನಟಿ ಈ ಊರಿಗೆ ಬಂದಾಗ ಅವಳ ಕೈಯಲ್ಲಿದ್ದದ್ದು ಒಂದು ಪೆಟ್ಟಿಗೆ. ಮಾತು ನೆನಪಿಟ್ಟುಕೊಳ್ಳಲಾರದ ಹುಡುಗಿಯನ್ನು ಎಲ್ಲರೂ ಹಿಂದಕ್ಕೆ ಕಳಿಸುತ್ತಿದ್ದಾಗ, "ಇವಳ ಕಿವಿ ಚೆನ್ನಾಗಿದೆ, ನಾನು ತಯಾರು ಮಾಡ್ತೀನಿ," ಎಂದವಳು ಪ್ರಾಂಪ್ಟಕ್ಕ. ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಎರಡು ವರ್ಷ ತನ್ನ ತಟ್ಟೆಯ ಪಕ್ಕದಲ್ಲೇ ತಟ್ಟೆ ಇಟ್ಟಳು. "ಭಾವ ನಿನ್ನದು, ಮಾತು ನನ್ನದು. ನಾನು ಒಣಗಿಸಿ ಕೊಡ್ತೀನಿ, ನೀನು ನೆನೆಸಿಕೊ," ಎಂದು ಕಲಿಸಿದಳು. ಆ ಎರಡು ವರ್ಷವೂ ನಟಿ ಆಕೆಯನ್ನು ದಿನಕ್ಕೆ ನೂರು ಸಲ ಅಕ್ಕ ಎಂದು ಕರೆದಿದ್ದಳು.

ಆಮೇಲೆ ಪ್ರಾಂಪ್ಟಕ್ಕನ ತಾಯಿ ಹಾಸಿಗೆ ಹಿಡಿದಳು. ಆಕೆ ಎರಡು ತಿಂಗಳು ತವರಿನಲ್ಲಿ ಉಳಿದಳು. ದಿನಾ ಸಂಜೆ ಫೋನಿನಲ್ಲಿಯೇ, ತಾಯಿಯ ಮಂಚದ ಪಕ್ಕ ಕುಳಿತು, ನಟಿಗೆ ಮಾತು ಓದಿ ಹೇಳಿ ಮರುನುಡಿಯುವ ಅಭ್ಯಾಸ ಮಾಡಿಸುತ್ತಿದ್ದಳು. ಪಾಠ ಮುಗಿದ ಮೇಲೆ, "ಮನೆ ಹೇಗಿದೆಯೇ?" ಎನ್ನುತ್ತಿದ್ದಳು. "ನೀವು ನಿಶ್ಚಿಂತೆಯಾಗಿರಿ ಅಕ್ಕ, ಮನೆ ನಾನು ನೋಡ್ಕೋತೀನಿ," ಎನ್ನುತ್ತಿದ್ದಳು ಇವಳು. ಆಗ ನಿರ್ದೇಶಕ ಎದುರು ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದ. ಅಕ್ಕ ತಾಯಿಯನ್ನು ಮಣ್ಣುಮಾಡಿ ಮರಳಿ ಬಂದಾಗ ಅವರಿಬ್ಬರ ಮದುವೆಯಾಗಿ ಹನ್ನೊಂದು ದಿನ ಕಳೆದಿತ್ತು.

ಆಕೆ ಕೂಗಾಡಲಿಲ್ಲ. ತವರಿನಿಂದ ತಂದ ಪೆಟ್ಟಿಗೆಯನ್ನು ಬಿಚ್ಚದೆ ಎತ್ತಿಕೊಂಡು ಹೋಗಿ ಬೇರೆ ಬಾಡಿಗೆ ಮನೆ ಹಿಡಿದಳು. ಮೂರನೆಯ ದಿನ ಕೆಲಸಕ್ಕೆ ಬಂದಳು. ನಿರ್ದೇಶಕ ಮುಜುಗರದಿಂದ, "ನೀನು ಬರಬೇಕಾಗಿರಲಿಲ್ಲ," ಎಂದಾಗ, "ಬಿಟ್ಟಿದ್ದು ಮನೆ. ಕೆಲಸ ನೀವು ಕಟ್ಟಿಕೊಟ್ಟಿದ್ದಲ್ಲ," ಎಂದು ಮಣೆ ಎಳೆದುಕೊಂಡು ಕುಳಿತಳು. ವಿಚಿತ್ರ ನೋಡಿ: ಸಂಬಂಧದಿಂದ ನಿಜವಾಗಿಯೂ ಅಕ್ಕನಾದ ದಿನದಿಂದ ಆ ಕರೆ ನಟಿಯ ನಾಲಿಗೆಯಿಂದ ಬಿದ್ದುಹೋಯಿತು.

ಅದೇ ತಿಂಗಳು ಈ ಧಾರಾವಾಹಿ ಶುರುವಾಯಿತು. ಅಂದಿನಿಂದ, "ಒಡಹುಟ್ಟಿದವಳೆಂದು ನಂಬಿದೆನಲ್ಲೇ," ಎಂದು ಪ್ರಾಂಪ್ಟಕ್ಕ, ಬಸ್ಸಿನ ವೇಳಾಪಟ್ಟಿ ಓದುವವಳಂತೆ, ಒಣ ದನಿಯಲ್ಲಿ ಓದುತ್ತಿದ್ದಳು. "ಒಡಹುಟ್ಟಿದವಳೆಂದು ನಂಬಿದೆನಲ್ಲೇ!" ಎಂದು ನಟಿ ಎದೆ ಬಿರಿಯುವಂತೆ ಮರುನುಡಿಯುತ್ತಿದ್ದಳು. ನೋಡಿದ ಹೆಂಗಸರು ಬಿಕ್ಕಿದರು. ಬೀದಿಯಲ್ಲಿ ಕೈಹಿಡಿದು, "ಆ ಮನೆಮುರುಕಿಗೆ ಒಳ್ಳೇದಾಗಲ್ಲ ಬಿಡಮ್ಮ," ಎಂದು ಸಮಾಧಾನ ಹೇಳಿದರು. ಮೂರು ಸಲ ಪ್ರಶಸ್ತಿ ಬಂತು. ಅದನ್ನು ಯಾವ ಕಪಾಟಿನಲ್ಲಿ ಇಟ್ಟರೂ ಅದು ತನ್ನತ್ತಲೇ ತಿರುಗಿ ನಿಂತಂತೆ ಅವಳಿಗೆ ಕಾಣುತ್ತಿತ್ತು. ತನ್ನ ಅಪರಾಧವನ್ನು ತಾನೇ ದಿನಾ ಅಪರಾಧಕ್ಕೊಳಗಾದವಳ ಬಾಯಿಂದ ಕೇಳಿ, ಆಕೆಯದೇ ಮಾತಾಗಿ ಹೇಳಿ, ಅದಕ್ಕೆ ಮೆಚ್ಚುಗೆ ಪಡೆಯುವ ಶಿಕ್ಷೆಯನ್ನು ಯಾವ ಸ್ಮೃತಿಕಾರನೂ ಊಹಿಸಿರಲಾರ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಟಿ ಮೊದಲ ಪ್ರಯತ್ನ ಮಾಡಿದಳು. ಸ್ಟುಡಿಯೋ ಎಂದರೆ ಹಿಂದೆ ಕಾಗದದ ಉರುಳೆಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಗೋದಾಮು. ಒಳಗೆ ಮೂರೇ ಗೋಡೆಯ ಹಜಾರ, ಆರು ಮೆಟ್ಟಿಲು ಏರಿ ಎಲ್ಲಿಗೂ ಹೋಗದ ಏಣಿಮೆಟ್ಟಿಲು, ಒಂದು ಮಲಗುವ ಕೋಣೆ. ನೀಲಿ ಪರದೆ ಇಳಿಬಿಟ್ಟರೆ ಅದು ಹಿರಿಯ ಹೆಂಡತಿಯದು, ಕೆಂಪು ಇಳಿಬಿಟ್ಟರೆ ಕಿರಿಯವಳದು, ಮಂಚ ಒಂದೇ. ಆ ಮಂಚದ ತುದಿಯಲ್ಲಿ ಕುಳಿತು ಪ್ರಾಂಪ್ಟಕ್ಕ ಹಾಳೆಗಳಿಗೆ ಪಿನ್ನು ಹೊಡೆಯುತ್ತಿದ್ದಳು. ಕಾಲಬಳಿ ಊರಿಗೆ ಹೊರಟ ಚೀಲ.

ನಟಿ ಎದುರು ನಿಂತಳು. ಹೇಳಹೊರಟದ್ದು ಆ ಎರಡಕ್ಷರ. ಹೊರಬಂದದ್ದು ಬೇರೆ.

"ಎಷ್ಟು ಪೇಜು?"

"ಹನ್ನೊಂದು."

"ನಂದು?"

"ಕೊನೇದು."

ಪಿನ್ನು ಹೊಡೆಯುವ ಸದ್ದು ಮತ್ತೆ ಕೇಳಿತು. ನಟಿ ಏನೋ ಮರೆತವಳಂತೆ ಹಿಂದಿರುಗಿದಳು. ಬಾಗಿಲಲ್ಲಿ ಮಾಮ ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದ.

"ಇದು ಒಂಬತ್ತು ವರ್ಷದಲ್ಲಿ ನಿಮ್ಮಿಬ್ಬರ ಅತಿ ಉದ್ದದ ಮಾತುಕತೆ ಕಣಮ್ಮ," ಎಂದ. ತಮಾಷೆಗೆ ಹೇಳಿದ್ದು ತಮಾಷೆಯಾಗಿ ಕೇಳಿಸದೆ ಅವನೇ ಪೆಚ್ಚಾದ.

ಮೂರು ಗಂಟೆಗೆ ಕೊನೆಯ ದೃಶ್ಯ. ಕಥೆಯ ಕಿರಿಯ ಹೆಂಡತಿಯಾಗಿದ್ದ ಹುಡುಗಿಗೆ ಗುಬ್ಬಿ ಎಂದು ಹೆಸರು. ಎರಡು ತುತ್ತು ತಿಂದು ನಾಲ್ಕು ತುತ್ತಿನಷ್ಟು ಹರಟುವವಳು. ಅವಳು ಹಿರಿಯವಳ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕು. ಹಿರಿಯವಳು ಅವಳನ್ನು ಎತ್ತಿ ಅಪ್ಪಿಕೊಂಡು, "ನಿನ್ನನ್ನು ನಾನು ಎಂದೋ ಕ್ಷಮಿಸಿದೆ ತಂಗಿ. ಈ ಮನೆ ನಮ್ಮಿಬ್ಬರದೂ," ಎನ್ನಬೇಕು. ಚಾನೆಲ್ಲಿನವರು ಸಭೆ ಸೇರಿ ಒಪ್ಪಿದ ಮುಕ್ತಾಯ ಅದು. ಬೆಳಿಗ್ಗೆಯೇ ನಿರ್ದೇಶಕ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದ.

"ಆ್ಯಕ್ಷನ್!"

ಪ್ರಾಂಪ್ಟಕ್ಕ ಗುಬ್ಬಿಯ ಸಾಲುಗಳನ್ನು ಒಂದೊಂದಾಗಿ ಓದಿದಳು. "ಅಕ್ಕ, ನಿಮ್ಮ ಉಪ್ಪು ತಿಂದು ನಿಮಗೇ ಎರಡು ಬಗೆದೆ." ಗುಬ್ಬಿ ಅಳುತ್ತ ಮರುನುಡಿದಳು. "ನನಗೆ ಕ್ಷಮೆ ಕೇಳುವ ಮುಖವೂ ಇಲ್ಲ." ಗುಬ್ಬಿ ಮರುನುಡಿದು ನೆಲಕ್ಕೆ ಕುಸಿದಳು. ಕ್ಯಾಮೆರಾ ನಟಿಯ ಮುಖಕ್ಕೆ ತಿರುಗಿತು. ನಟಿ ಕಿವಿಯನ್ನು ಎಡಕ್ಕೆ ಕೊಟ್ಟು ಕಾದಳು.

ಮಣೆಯ ಕಡೆಯಿಂದ ಏನೂ ಬರಲಿಲ್ಲ.

"ಪ್ರಾಂಪ್ಟ್!" ಎಂದ ನಿರ್ದೇಶಕ. ಆಮೇಲೆ, "ಕಟ್! ಏನಾಯ್ತು? ಬೆಳಕು ಸಾಲದಾ?"

"ಬೆಳಕಿದೆ," ಎಂದಳು ಪ್ರಾಂಪ್ಟಕ್ಕ.

"ಮತ್ತೆ ಓದು."

"ಈ ಸಾಲು ನಾನು ಓದಲ್ಲ."

ನಿರ್ದೇಶಕ ಮಾನಿಟರಿನ ಹಿಂದಿನಿಂದ ಎದ್ದು ಬಂದ. "ಎಲ್ಲರ ಎದುರು ಇದೇನು? ಒಂಬತ್ತು ವರ್ಷ ಏನೇನೋ ಓದಿದೀಯ..."

"ಓದಿದೀನಿ. ಅದೆಲ್ಲ ಆಗಿದ್ದ ಮಾತು. ಇದು ಆಗಿಲ್ಲ. ಬೆಳಿಗ್ಗೆ ಅವಳೂ ಕೇಳಿದಾಳಲ್ಲ, ಬೇಕಾದ್ರೆ ಅವಳೇ ಹೇಳ್ಲಿ."

ನಿರ್ದೇಶಕ ನಟಿಯ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗಡಿಯಾರವಿತ್ತು. "ಎರಡು ಸಾಲಮ್ಮ. ನೀನೇ ಹೇಳಿ ಮುಗಿಸಿಬಿಡು. ಲೈಟಿನವರು ಐದಕ್ಕೆ ಬಿಚ್ಚಬೇಕು."

ಮತ್ತೆ ಆ್ಯಕ್ಷನ್. ಗುಬ್ಬಿ ಮತ್ತೆ ಕುಸಿದಳು. ಎರಡು ಸಾಲು ನಟಿಯ ನಾಲಿಗೆಯ ತುದಿಯಲ್ಲಿದ್ದವು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಒಂದು ಮಾತು ಬಾಯಿಪಾಠವಾಗಿತ್ತು. ಆದರೆ ಬಾಯಿ ತೆರೆದಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಈ ಒಂಬತ್ತು ವರ್ಷ ತಾನು ಆಕೆಯ ಗಂಡನನ್ನು, ಮನೆಯನ್ನು, ನೋವನ್ನು, ಆ ನೋವಿಗೆ ಸಂದ ಪ್ರಶಸ್ತಿಯನ್ನು ತೆಗೆದುಕೊಂಡಾಗಿದೆ. ಉಳಿದಿರುವುದು ಆ ಕ್ಷಮೆಯೊಂದೇ. ಅದನ್ನೂ ಕೇಳದೆ ಎತ್ತಿಕೊಂಡು ತನಗೆ ತಾನೇ ಕೊಟ್ಟುಕೊಳ್ಳುವುದೇ?

ಅವಳ ದೃಷ್ಟಿ ಗುಬ್ಬಿಯನ್ನು ಬಿಟ್ಟು, ಕ್ಯಾಮೆರಾದ ಎಡಕ್ಕೆ, ಮೂರು ಕಾಲಿನ ಮಣೆಯ ಕಡೆ ಹೋಯಿತು.

"ಅಕ್ಕ," ಎಂದಳು. "ನಿಮ್ಮ ಉಪ್ಪು ತಿಂದು ನಿಮಗೇ ಎರಡು ಬಗೆದೆ."

"ಅಯ್ಯೋ, ಅದು ನನ್ನ ಡೈಲಾಗು!" ಎಂದಳು ನೆಲದ ಮೇಲಿದ್ದ ಗುಬ್ಬಿ.

ಯಾರೂ ನಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಗುಬ್ಬಿಯ ಸಾಲು ಅಲ್ಲಿಗೆ ಮುಗಿಯಿತು. ನಟಿಯ ಮಾತು ಮುಗಿಯಲಿಲ್ಲ. ಬರೆದುಕೊಟ್ಟವರಿಲ್ಲದೆ, ಎತ್ತಿಕೊಟ್ಟವರಿಲ್ಲದೆ, ಅದು ಎಡವುತ್ತಾ ಮುಂದೆ ಬಂತು.

"ನೀವು ಅಮ್ಮನ ಪಕ್ಕ ಕೂತು ನನಗೆ ಪಾಠ ಹೇಳ್ತಿದ್ರಿ. ನಾನು... ಮನೆ ನಾನು ನೋಡ್ಕೋತೀನಿ ಅಂದೆ. ದಿನಾ ಅಂದೆ. ಅವರು ಎದುರಿಗೇ ಇರ್ತಿದ್ರು. ಒಂದು ದಿನ ಅಮ್ಮ ಏನೂ ತಿನ್ನಲಿಲ್ಲ ಅಂತ ನೀವು ಅತ್ರಿ. ಅವತ್ತಾದ್ರೂ ನಾನು ಪೆಟ್ಟಿಗೆ ತಗೊಂಡು ಎದ್ದು ಹೋಗಬಹುದಿತ್ತು ಅಕ್ಕ. ಯಾರೂ ಹಿಡಿದಿರಲಿಲ್ಲ. ಹೋಗಲಿಲ್ಲ. ನನಗೆ ಮನೆ ಬೇಕಿತ್ತು."

ಅವಳು ಹೇಳಬೇಕಾದದ್ದು ಅಲ್ಲಿಗೆ ಮುಗಿಯಿತು. ಈ ಮುಖವನ್ನು ನೋಡಿ ಜನ ಅತ್ತಿದ್ದರು; ಆದರೆ ಅದರ ಮೇಲೆ ಈಗ ಅಭಿನಯದ ಲವಲೇಶವೂ ಇರಲಿಲ್ಲ. ಆದ್ದರಿಂದಲೋ ಏನೋ ಅದು ಅಷ್ಟು ಚೆನ್ನಾಗಿಯೂ ಕಾಣುತ್ತಿರಲಿಲ್ಲ. ಮೂಗು ಸೋರುತ್ತಿತ್ತು.

ಪ್ರಾಂಪ್ಟಕ್ಕ ತೊಡೆಯ ಮೇಲಿದ್ದ ಹಾಳೆಯನ್ನು ಮಗುಚಿದಳು. ಅದರ ಬೆನ್ನಿನಲ್ಲಿ ಅಕ್ಷರವಿರಲಿಲ್ಲ. ಆ ಖಾಲಿ ಹಾಳೆಯ ಮೇಲೆ ಕಣ್ಣಿಟ್ಟು, ತನ್ನ ಒಣ ದನಿಯಲ್ಲಿ, ಮೊದಲ ಸಾಲನ್ನು ಎತ್ತಿಕೊಟ್ಟಳು.

"ಕ್ಷಮಿಸಿದೀನಿ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ."

ಒಂಬತ್ತು ವರ್ಷದ ರೂಢಿ ನಟಿಯನ್ನು ಕೈಬಿಡಲಿಲ್ಲ. "ಕ್ಷಮಿಸಿದೀನಿ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ," ಎಂದು ಮರುನುಡಿದಳು.

"ಬಹಳ ಸಲ ಪ್ರಯತ್ನ ಪಟ್ಟೆ."

"ಬಹಳ ಸಲ ಪ್ರಯತ್ನ ಪಟ್ಟೆ."

"ಆದ್ರೆ ನೀನು ಹಾಳಾಗಿ ಹೋಗಲಿ ಅಂತಲೂ ಅನ್ನಲಿಲ್ಲ. ಒಂದು ದಿನವೂ."

ಇದನ್ನು ಹೇಳುವಾಗ ನಟಿಯ ದನಿ ಎರಡು ಕಡೆ ಮುರಿಯಿತು. ಪ್ರಾಂಪ್ಟಕ್ಕ ಕಾದಳು, ನಟಿ ಸಾಲು ಮುಗಿಸುವ ತನಕ ಕಾಯುವುದು ಆಕೆಯ ವೃತ್ತಿಧರ್ಮ.

"ಸಾಕು ಅತ್ತಿದ್ದು. ಏಳು. ಮುಖ ತೊಳ್ಕೊ."

"ಸಾಕು ಅತ್ತಿದ್ದು," ಎಂದಳು ನಟಿ. "ಏಳು. ಮುಖ ತೊಳ್ಕೊ."

ಗುಬ್ಬಿ, ಇದು ತನಗೇ ಹೇಳಿದ್ದೆಂದು ತಿಳಿದು, ವಿಧೇಯಳಾಗಿ ಎದ್ದು, ಮೂರು ಗೋಡೆಯ ಹಜಾರದಿಂದ ಹೊರನಡೆದಳು. ಕ್ಯಾಮೆರಾ ಅವಳು ಹೋಗುವುದನ್ನೂ, ಒಬ್ಬಳೇ ಉಳಿದ ಹಿರಿಯ ಹೆಂಡತಿಯನ್ನೂ ತುಂಬಿಕೊಂಡಿತು.

ಎಲ್ಲರೂ ನಿರ್ದೇಶಕನತ್ತ ನೋಡಿದರು. ಅವನು ಮಾನಿಟರಿನ ಮುಂದೆ ನಿಂತಿದ್ದ. ಇಬ್ಬರೂ ಹೆಂಡಿರು ಮಾತಾಡಿದ್ದರು. ಆ ಮಾತಿನಲ್ಲಿ ಅವನು ಎದುರಿಗೆ ಕುಳಿತಿದ್ದವನು ಮಾತ್ರ, ಕುರ್ಚಿಯಂತೆ. ಸಮಸಮವಾಗಿ ಕೊಟ್ಟೆನೆಂದುಕೊಂಡ ಎರಡೆರಡು ವಸ್ತುಗಳಲ್ಲಿ ಒಂದನ್ನೂ ಅವರು ನೆನೆಯಲಿಲ್ಲ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಕಟ್," ಎಂದ, ಬಹಳ ತಡವಾಗಿ. ಆಮೇಲೆ, ಯಾರಿಗೂ ಅಲ್ಲವೆಂಬಂತೆ, "ಓಕೆ."

"ಸಾರ್, ಚಾನೆಲ್ಲಿನವರಿಗೆ?" ಎಂದ ಕ್ಯಾಮೆರಾದವನು.

"ಅವಳ ಸ್ವಂತ ಮಾತು ಕತ್ತರಿಸಿ, ಉಳಿದದ್ದು ಹೀಗೇ ಹೋಗ್ಲಿ. ಬರೆದ ಸಾಲನ್ನೇ ಹೇಳಿ ಅಂತ ಕೇಳೋಕೆ ನನಗೆ ಧೈರ್ಯ ಇಲ್ಲಪ್ಪ." ಇಷ್ಟು ವರ್ಷದಲ್ಲಿ ಅವನು ಹೇಳಿದ ಸತ್ಯಗಳಲ್ಲಿ ಅದು ದೊಡ್ಡದು.

ಐದಕ್ಕೆ ಮುಂಚೆಯೇ ಲೈಟು ಬಿಚ್ಚಿದರು. ಮಂಚದ ಮೇಲಿನ ನೀಲಿ ಪರದೆಯನ್ನೂ ಕೆಂಪು ಪರದೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಎರಡು ಕಾರು ಬಾಗಿಲು ತೆರೆದು ನಿಂತಿದ್ದವು.

"ಸಾರಿಗೆ ಇವತ್ತು ಯಾವ ಮನೆ ಅಂತ ಡ್ರೈವರ್ ಕೇಳ್ತಿದಾನೆ," ಎಂದ ಮೇಕಪ್ ಮಾಮ, ಕುಂಚಗಳನ್ನು ಒರೆಸುತ್ತ. "ಒಂದು ಮನೆಗೆ ಬೇರೆ ಬೀಗ ಬಿದ್ದಾಯ್ತು. ಇನ್ನೊಂದರದು ನನಗೆ ಗೊತ್ತಿಲ್ಲಪ್ಪ."

ನಿರ್ದೇಶಕ ಗೋದಾಮಿನ ಒಳಗೇ, ಎಲ್ಲಿಗೂ ಹೋಗದ ಆ ಮೆಟ್ಟಿಲುಗಳ ಮೇಲೆ ಕುಳಿತಿದ್ದ.

ಪ್ರಾಂಪ್ಟಕ್ಕ ಚೀಲವನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು. ನಟಿ ಮುಖ ತೊಳೆದು ಬಂದು, ಬಣ್ಣವಿಲ್ಲದ ಹುಬ್ಬುಗಳೊಂದಿಗೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಇನ್ನು ಏನು ಹೇಳಬೇಕೆಂದು ತೋಚದೆ ರೂಢಿಯಂತೆ ಕಿವಿಯನ್ನು ಎಡಕ್ಕೆ ಕೊಟ್ಟಿದ್ದಳು.

"ಚೀಲ ಭಾರ ಇದೆ. ಆ ಕಡೆ ಹಿಡಿ," ಎಂದಳು ಪ್ರಾಂಪ್ಟಕ್ಕ.

"ಚೀಲ ಭಾರ ಇದೆ, ಆ ಕಡೆ..." ಎಂದು ನಟಿ ಆರಂಭಿಸಿದಳು.

ಪ್ರಾಂಪ್ಟಕ್ಕ ತಲೆಯೆತ್ತಿ ಅವಳನ್ನೇ ನೋಡಿದಳು. ಎಷ್ಟೋ ಕಾಲದಿಂದ ಬಳಸದೆ ಇಟ್ಟಿದ್ದರಿಂದ ಮಡಿಕೆ ಬಿದ್ದ ಬಟ್ಟೆಯ ಹಾಗೆ ಆಕೆಯ ತುಟಿ ಒಂದು ಮೂಲೆಯಲ್ಲಿ ಸ್ವಲ್ಪ ಬಿಚ್ಚಿತು.

"ಇದು ಹೇಳೋಕಲ್ಲ ಕಣೇ," ಎಂದಳು. "ಹಿಡಿಯೋಕೆ."

ನಟಿ ಬಗ್ಗಿ ಚೀಲದ ಇನ್ನೊಂದು ಕಿವಿಯನ್ನು ಹಿಡಿದಳು. ಬಸ್ ನಿಲ್ದಾಣ ಅಲ್ಲಿಂದ ಮೂರು ಬೀದಿ. ಇಬ್ಬರೂ ಕಾರುಗಳ ಪಕ್ಕದಿಂದಲೇ ನಡೆದರು. ಎರಡನೆಯ ಬೀದಿಯ ತಿರುವಿನಲ್ಲಿ ಪ್ರಾಂಪ್ಟಕ್ಕ ಕೈ ಬದಲಿಸಬೇಕೆಂದಳು, ಬದಲಿಸಿಕೊಂಡರು.

ಈ ಕಥೆಯನ್ನು ಕೇಳಿದವರಿಗೆ, ಕೇಳುತ್ತ ತೂಕಡಿಸಿದವರಿಗೂ, ಒಡೆಯನು ಒಳ್ಳೆಯದನ್ನೇ ಮಾಡಲಿ. ನೊಂದವರ ಮೇಲೆ ಇಲ್ಲದ ಕ್ಷಮೆಯ ಹೊರೆ ಬೀಳದಿರಲಿ. ನೋಯಿಸಿದವರಿಗೆ ಬಾಯಿ ತೆರೆಯಲು ಒಂದು ಹಗಲಾದರೂ ಉಳಿದಿರಲಿ. ಮಾತು ಸಿಕ್ಕದೆ ನಿಂತವರೆಲ್ಲರ ಕಿವಿಗೆ ಅವನು ಸರಿಯಾದ ಸಾಲನ್ನು ಎತ್ತಿಕೊಡಲಿ. ಎಲ್ಲರಿಗೂ ಮಂಗಳವಾಗಲಿ.